ತಿರುಗುವ ಹೆಣ್ಣು

“ಕೂತು ಗಂಡು ಕೆಟ್ಟ, ತಿರುಗಿ ಹೆಣ್ಣು ಕೆಟ್ಟಳು.” ಈ ಗಾದೆಯನ್ನು ನಾನು ಮೊದಲು ಕೇಳಿದ್ದು ಅಜ್ಜಿಯ ಬಾಯಲ್ಲಿ. ಇತ್ತೀಚೆಗೆ ಕೇಳಿದ್ದು ನೆಂಟರೊಬ್ಬರ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು, “ಏನು ಟೀಚರಮ್ಮ, ದಸರಾ ರಜೆಯಲ್ಲಿ ಅಕ್ಕ ತಂಗಿ ಇಬ್ಬರೇ ಯುರೋಪಿಗೆ ಹೊರಟಿದ್ದೀರಂತೆ? ಅದೂ ಬೆಟ್ಟ ಹತ್ತೋದಕ್ಕಂತೆ?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಈ ಗಾದೆಯನ್ನು ಎಲೆಯ ತುದಿಗೆ ಉಪ್ಪು ಬಡಿಸಿದಂತೆ ಬಡಿಸಿಬಿಟ್ಟರು. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ. ಮದುವೆ ಮುಂಜಿಗಳಲ್ಲಿ ಹೀಗೆ ನಕ್ಕು ನಕ್ಕೇ ನಮ್ಮ ಅರ್ಧ ಆಯಸ್ಸು ಕಳೆದಿದೆ. ಮನೆಗೆ ಬಂದ ಮೇಲೆ ಮಾತ್ರ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಹೇಳದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೀಗ 54 ವರ್ಷ. ಸಾಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ದೇಶ ಸುತ್ತು, ಕೋಶ ಓದು’ ಎಂದು ಬರೆಸಿದ್ದಾರೆ. ಇಷ್ಟು ವರ್ಷ ಆ ಗೋಡೆಯ ಮುಂದೆ ನಿಂತು ಪ್ರಾರ್ಥನೆ ಮಾಡಿಸಿದ್ದೇನೆ. ಕೋಶ ಓದಿದ್ದಾಯಿತು, ಓದಿಸಿದ್ದೂ ಆಯಿತು. ದೇಶ ಸುತ್ತುವ ಮಾತು ಬಂದಾಗ ಮಾತ್ರ ಗೋಡೆಯ ಮೇಲಿನ ಗಾದೆ ಹಿಂದೆ ಸರಿದು ಅಜ್ಜಿಯ ಗಾದೆ ಮುಂದೆ ಬರುತ್ತದೆ. ಒಂದು ಗಂಡು ಮಕ್ಕಳಿಗೆ, ಇನ್ನೊಂದು ಹೆಣ್ಣು ಮಕ್ಕಳಿಗೆ ಎಂದು ಯಾರು ಹಂಚಿದರೋ!

ನಾವು ಹೊರಟಿರುವ ದೇಶದ ಹೆಸರು ಲಿಕ್ಟೆನ್‌ಸ್ಟೈನ್. ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾ ನಡುವೆ, ಆಲ್ಪ್ಸ್ ಪರ್ವತದ ತೊಡೆಯ ಮೇಲೆ ಕೂತ ಮಗುವಿನಂಥ ದೇಶ. ಅದನ್ನು ನನಗೆ ತೋರಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಯುರೋಪಿನ ನಕ್ಷೆಯ ಮೇಲೆ ಪೆನ್ಸಿಲ್ ತುದಿಯಿಟ್ಟು, “ಮಿಸ್, ಇದು ದೇಶಾನಾ, ಪ್ರಿಂಟಿಂಗ್ ತಪ್ಪಾ?” ಎಂದು ಕೇಳಿದಳು. ದೇಶವೇ ಎಂದೆ. ಆಮೇಲೆ ಅದರ ಬಗ್ಗೆ ನನಗೆ ಗೊತ್ತಿರುವುದು ಹೆಸರೊಂದೇ ಎಂದು ನಾಚಿಕೆಯಾಗಿ ಓದತೊಡಗಿದೆ. ವಿಸ್ತೀರ್ಣ 160 ಚದರ ಕಿಲೋಮೀಟರ್. ನಮ್ಮ ಸಾಗರ ತಾಲ್ಲೂಕಿನ ಒಂದು ಮೂಲೆಯಲ್ಲಿ ಹಿಡಿಸುತ್ತದೆ. ಜನ ಸುಮಾರು 40 ಸಾವಿರ, ಸಾಗರ ಪಟ್ಟಣಕ್ಕಿಂತ ಕಡಿಮೆ. ವಿಮಾನ ನಿಲ್ದಾಣವಿಲ್ಲ. 1868ರಿಂದ ಸೈನ್ಯವೂ ಇಲ್ಲ. ಒಬ್ಬ ರಾಜಕುಮಾರ, ಬೆಟ್ಟದ ಮೇಲೊಂದು ಕೋಟೆ, ಒಟ್ಟು ಹನ್ನೊಂದು ಊರುಗಳು. ನಮ್ಮ ಆಗಸ್ಟ್ 15 ಅವರಿಗೂ ರಾಷ್ಟ್ರೀಯ ದಿನ. ಓದುತ್ತಾ ಹೋದಂತೆ ಪುಟ್ಟ ದೇಶವೆಂಬ ಮುದ್ದು ಹುಟ್ಟಿತ್ತು. ಅಷ್ಟರಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಅಲ್ಲಿಯ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದು 1984ರಲ್ಲಿ!

ಹೌದು ಸೋದರಿಯರೇ, 1984. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಮೂರನೆಯ ತರಗತಿಗೇ ಶಾಲೆ ಬಿಟ್ಟಿದ್ದ ನನ್ನ ಅಮ್ಮ ಆ ವರ್ಷದ ಡಿಸೆಂಬರಿನಲ್ಲಿ ಹಸಿರು ಸೀರೆಯುಟ್ಟು ಹೋಗಿ ಮತ ಹಾಕಿ ಬಂದು, ಬೆರಳಿನ ಶಾಯಿ ತೋರಿಸುತ್ತಾ ಒಲೆ ಹಚ್ಚಿದ್ದು ನೆನಪಿದೆ. ನಮ್ಮಲ್ಲಿ 1951–52ರ ಮೊದಲ ಮಹಾಚುನಾವಣೆಯಲ್ಲೇ ಹೆಂಗಸರು ಮತ ಹಾಕಿದ್ದರು. ಅಷ್ಟು ಮುಂದುವರಿದ ಯುರೋಪಿನ ನಟ್ಟನಡುವೆ ಈ ದೇಶದ ಗಂಡಸರು 1971ರಲ್ಲಿ ಒಮ್ಮೆ, 1973ರಲ್ಲಿ ಇನ್ನೊಮ್ಮೆ ಮತ ಹಾಕಿ, ಹೆಂಗಸರಿಗೆ ಮತದ ಹಕ್ಕು ಬೇಡ ಎಂದಿದ್ದರು. 1984ರಲ್ಲಿ ಮೂರನೆಯ ಸಲ ಒಪ್ಪಿದಾಗಲೂ ಹೌದು ಎಂದವರು ನೂರಕ್ಕೆ 51 ಮಂದಿಯಷ್ಟೇ.

ಇನ್ನೊಂದು ಸಂಗತಿ ಕೇಳಿ. 1980ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಈ ದೇಶದ ಪರವಾಗಿ ಹಾನಿ ವೆನ್ಜೆಲ್ ಎಂಬ ಹೆಣ್ಣುಮಗಳು ಹಿಮದ ಮೇಲೆ ಜಾರುವ ಸ್ಪರ್ಧೆಯಲ್ಲಿ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದಳು. ದೇಶಕ್ಕೆ ದೇಶವೇ ಹೆಮ್ಮೆಪಟ್ಟಿತು. ಆ ದಿನಕ್ಕೆ ಅಲ್ಲಿಯ ಯಾವ ಹೆಣ್ಣಿಗೂ ತನ್ನ ಸಂಸತ್ತಿಗೆ ಯಾರು ಹೋಗಬೇಕೆಂದು ಹೇಳುವ ಅಧಿಕಾರವಿರಲಿಲ್ಲ. ಬೆಟ್ಟದಿಂದ ಜಾರಿ ಚಿನ್ನ ತರಲು ಹೆಣ್ಣು ಬೇಕು, ಮತಪೆಟ್ಟಿಗೆಯ ಹತ್ತಿರ ಮಾತ್ರ ಬೇಡ! ಇದನ್ನು ಓದಿ ನಾನು ಬೀಗಬಹುದಿತ್ತು. ನೋಡಿ, ನಾವು ನಿಮಗಿಂತ ಮುಂದೆ ಎನ್ನಬಹುದಿತ್ತು. ಆದರೆ ಬೀಗುವ ಮೊದಲು ನನ್ನ ಮನೆಯ ಕಡೆ ನೋಡಿಕೊಂಡೆ. ನಾನು 1989ರಿಂದ ಮತ ಹಾಕುತ್ತಿದ್ದೇನೆ. ಚುನಾವಣೆ ಬಂದಾಗ ಮತಗಟ್ಟೆಯ ಅಧಿಕಾರಿಯಾಗಿ ಪೆಟ್ಟಿಗೆ ಹೊತ್ತು ಹಳ್ಳಿಹಳ್ಳಿಗೆ ಹೋಗಿ, ಯಾವುದೋ ಶಾಲೆಯ ಬೆಂಚಿನ ಮೇಲೆ ಒಂಟಿಯಾಗಿ ಮಲಗಿದ್ದೇನೆ. ಆಗ ಯಾರೂ “ಹೆಂಗಸು ಒಬ್ಬಳೇ ಹೇಗೆ?” ಎಂದು ಕೇಳಲಿಲ್ಲ. ಸರಕಾರದ ಕೆಲಸಕ್ಕೆ ತಿರುಗಿದರೆ ಕೆಡುವುದಿಲ್ಲ, ಮನೆಯ ಕೆಲಸಕ್ಕೆ ತಿರುಗಿದರೂ ಕೆಡುವುದಿಲ್ಲ. ತನ್ನ ಸಂತೋಷಕ್ಕೆ ತಿರುಗಿದರೆ ಮಾತ್ರ ಹೆಣ್ಣು ಕೆಡುತ್ತಾಳೆ. ಗಾದೆಯ ಒಳಗುಟ್ಟು ಇದು.

ನಾನು ಜಗಳ ಆಡುತ್ತಿರುವುದು ಕೇವಲ ಆ ಹಿರಿಯರ ಜೊತೆ ಎಂದು ತಿಳಿಯಬೇಡಿ. ನಮ್ಮನ್ನು ತಡೆಯುವವರಲ್ಲಿ ಹೆಚ್ಚಿನವರು ನಮ್ಮನ್ನು ಪ್ರೀತಿಸುವವರೇ. ನಮ್ಮನೆಯವರು, “ನಿಂಗೆ ಮಂಡಿ ನೋವು ಅಂತ ಮೊನ್ನೆ ತಾನೇ ಡಾಕ್ಟರ ಹತ್ರ ಹೋಗಿದ್ಯಲ್ಲ?” ಎಂದರು. ಆ ಮಂಡಿ ಮೂವತ್ತು ವರ್ಷ ತರಗತಿಯಲ್ಲಿ ನಿಂತು ಸವೆದದ್ದು. ನಿಲ್ಲಿಸಿದವರಿಗೆ ಇರದ ಚಿಂತೆ ನಡೆಯುತ್ತೇನೆ ಎಂದ ಕೂಡಲೇ ಹುಟ್ಟುತ್ತದೆ. ಬೆಂಗಳೂರಿನಲ್ಲಿರುವ ಮಗ, “ಅಮ್ಮಾ, ನೀನ್ಯಾಕೆ ತಲೆ ಕೆಡಿಸಿಕೊಳ್ತೀಯಾ? ಪ್ಯಾಕೇಜ್ ಬುಕ್ ಮಾಡಿಕೊಡ್ತೀನಿ” ಎಂದು ಒಂದು ಪಟ್ಟಿ ಕಳಿಸಿದ. ಹತ್ತು ದಿನ, ಐದು ದೇಶ, ಮೂರು ಹೊತ್ತೂ ನಮ್ಮದೇ ಊಟ. ಅದರಲ್ಲಿ ಲಿಕ್ಟೆನ್‌ಸ್ಟೈನ್ ಕೂಡ ಇತ್ತು. ಎಷ್ಟು ಹೊತ್ತು ಗೊತ್ತೇ? ರಾಜಧಾನಿ ವಾಡುಜ್‌ನಲ್ಲಿ ನಲವತ್ತೈದು ನಿಮಿಷ. ಬಸ್ಸಿನಿಂದ ಇಳಿದು, ಕೆಳಗಿನಿಂದಲೇ ಕೋಟೆಯ ಫೋಟೋ ಹೊಡೆದು, ದುಡ್ಡು ಕೊಟ್ಟು ಪಾಸ್‌ಪೋರ್ಟಿಗೆ ನೆನಪಿನ ಮುದ್ರೆ ಒತ್ತಿಸಿಕೊಂಡು ಮತ್ತೆ ಬಸ್ಸು ಹತ್ತುವುದು. ಅಂಥ ಪ್ರವಾಸಕ್ಕೆ ಹೋದವರನ್ನು ನಾನು ಹಳಿಯುತ್ತಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಅದು ದೊಡ್ಡ ಅನುಕೂಲ. ಆದರೆ ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಎಂಬುದನ್ನು ಮದುವೆಯಾದ ದಿನದಿಂದ ಬೇರೆಯವರೇ ನಿರ್ಧರಿಸುತ್ತಾ ಬಂದ ಹೆಂಗಸು, ತನ್ನ ದುಡ್ಡು ಕೊಟ್ಟು ಇನ್ನೂ ಹತ್ತು ದಿನ ಅದನ್ನೇ ಕೊಂಡುಕೊಳ್ಳಬೇಕೇ?

ಆದ್ದರಿಂದ ಯೋಜನೆಯನ್ನು ನಾವೇ ಹಾಕಿದೆವು. ನಾನು ಮತ್ತು ತಂಗಿ. ಶಿವಮೊಗ್ಗದ ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ಅವಳು ಪ್ರತಿ ಶನಿವಾರ ಸಂಜೆ ಬಸ್ಸಿಗೆ ಬಂದಳು. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎನ್ನುವವರಿಗಾಗಿ, ತಿಳಿದುಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ಸ್ವಲ್ಪ ಹೇಳುತ್ತೇನೆ.

ಮೊದಲ ಪ್ರಶ್ನೆ, ಯಾವಾಗ? ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಅಲ್ಲಿ ಕಣಿವೆಯಲ್ಲಿ ಹೂವು ಅರಳಿದ್ದರೂ ಮೇಲಿನ ದಾರಿಗಳಲ್ಲಿ ಹಿಮ ಕರಗಿರುವುದಿಲ್ಲ. ಜುಲೈ, ಆಗಸ್ಟ್ ಒಳ್ಳೆಯ ಕಾಲ, ಆದರೆ ಆಗ ನಮಗೆ ಶಾಲೆ. ಉಳಿದದ್ದು ದಸರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಆಕಾಶ ತಿಳಿಯಾಗಿರುವ ದಿನಗಳು ಹೆಚ್ಚು. ಅಕ್ಟೋಬರ್ ನಡುವಿನ ಹೊತ್ತಿಗೆ ಬೆಟ್ಟದ ತಂಗುಮನೆಗಳು ಬಾಗಿಲು ಹಾಕತೊಡಗುತ್ತವೆ. ಅಷ್ಟರೊಳಗೆ ಮುಗಿಸಬೇಕು.

ಎರಡನೆಯದು, ಹೇಗೆ? ಜ್ಯೂರಿಕ್‌ವರೆಗೆ ವಿಮಾನ, ಅಲ್ಲಿಂದ ಸಾರ್ಗನ್ಸ್ ಎಂಬ ಊರಿಗೆ ರೈಲು, ಮುಂದೆ ಬಸ್ಸು. ಆ ದೇಶಕ್ಕೆ ಬೇರೆ ವೀಸಾ ಇಲ್ಲ. 2011ರಿಂದ ಅದೂ ಶೆಂಗೆನ್ ಒಪ್ಪಂದಕ್ಕೆ ಸೇರಿದೆ, ಅರ್ಜಿಯನ್ನು ಸ್ವಿಟ್ಜರ್‌ಲೆಂಡಿನ ಮೂಲಕ ಹಾಕಬೇಕು. ನಾಣ್ಯವೂ ಸ್ವಿಸ್ ಫ್ರಾಂಕೇ. ವೀಸಾದವರು 30 ಸಾವಿರ ಯೂರೋಗಳ ವೈದ್ಯಕೀಯ ವಿಮೆ ಕೇಳುತ್ತಾರೆ, ಬ್ಯಾಂಕಿನ ಲೆಕ್ಕ ಕೇಳುತ್ತಾರೆ, ರಜೆಯ ಪತ್ರ ಕೇಳುತ್ತಾರೆ. ಗಂಡನ ಒಪ್ಪಿಗೆ ಪತ್ರವನ್ನು ಕೇಳುವುದಿಲ್ಲ. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಸರಕಾರಿ ನೌಕರಳಾದ್ದರಿಂದ ವಿದೇಶಕ್ಕೆ ಹೋಗಲು ನನಗೆ ಇಲಾಖೆಯ ಅನುಮತಿ ಬೇಕು. ಖರ್ಚಿನ ಹಣ ಎಲ್ಲಿಂದ ಎಂಬ ಕಡೆ ‘ನನ್ನ ಸಂಬಳದ ಉಳಿತಾಯ’ ಎಂದು ಬರೆದೆ. ಅರ್ಜಿ ತೆಗೆದುಕೊಂಡ ಗುಮಾಸ್ತರು, “ಯಜಮಾನ್ರೂ ಬರ್ತಾರಲ್ವಾ ಮೇಡಂ?” ಎಂದರು. ಅದನ್ನು ಕೇಳುವ ಜಾಗ ಅರ್ಜಿಯಲ್ಲಿ ಎಲ್ಲಿದೆ ತೋರಿಸಿ ಎಂದೆ. ಪಾಪ, ಅವರೂ ಹುಡುಕಿ ನೋಡಿದರು.

ಮೂರನೆಯದು, ಎಲ್ಲಿ ನಡೆಯುವುದು? ಆ ಪುಟ್ಟ ದೇಶದಲ್ಲಿ 400 ಕಿಲೋಮೀಟರಿಗಿಂತ ಹೆಚ್ಚು ಉದ್ದದ ಕಾಲುದಾರಿಗಳಿವೆ. 2019ರಲ್ಲಿ ದೇಶಕ್ಕೆ ಮುನ್ನೂರು ವರ್ಷ ತುಂಬಿದಾಗ, ಹನ್ನೊಂದು ಊರುಗಳನ್ನೂ ಹಾದುಹೋಗುವ 75 ಕಿಲೋಮೀಟರ್ ದಾರಿಯೊಂದನ್ನು ಗುರುತು ಹಾಕಿದರು. ಅದನ್ನು ತುಂಡು ತುಂಡಾಗಿ ನಡೆಯಬಹುದು. ಸುಸ್ತಾದರೆ ಕೆಳಗಿನ ಊರಿಗಿಳಿದು ಬಸ್ಸು ಹಿಡಿಯಬಹುದು. ನನಗೆ ಬಹಳ ಹಿಡಿಸಿದ್ದು ಅಲ್ಲಿಯ ಕೈಕಂಬಗಳು. ಅವುಗಳ ಮೇಲೆ ಮುಂದಿನ ಜಾಗಕ್ಕೆ ಎಷ್ಟು ಕಿಲೋಮೀಟರ್ ಎಂದಿರುವುದಿಲ್ಲ, ಎಷ್ಟು ಹೊತ್ತು ಬೇಕು ಎಂದಿರುತ್ತದೆ. ಬರಿಯ ಹಳದಿ ಹಲಗೆಯಿದ್ದರೆ ಯಾರು ಬೇಕಾದರೂ ನಡೆಯುವ ದಾರಿ. ಬಿಳಿ, ಕೆಂಪು, ಬಿಳಿ ಪಟ್ಟಿಯಿದ್ದರೆ ಬೆಟ್ಟದ ದಾರಿ, ಕಾಲು ಗಟ್ಟಿಯಿರಬೇಕು. ಬಿಳಿ, ನೀಲಿ, ಬಿಳಿ ಇದ್ದರೆ ಪಳಗಿದವರಿಗೆ ಮಾತ್ರ. ಹೊಸಬಳೊಬ್ಬಳು ಯಾರನ್ನೂ ಕೇಳದೆ, ಯಾರ ಕೈ ಹಿಡಿಯದೆ ತನ್ನ ಶಕ್ತಿಯನ್ನು ತಾನೇ ಅಳೆದು ದಾರಿ ಆರಿಸಿಕೊಳ್ಳುವಂತೆ ಇಡೀ ಬೆಟ್ಟವನ್ನು ಬರೆದಿಟ್ಟಿದ್ದಾರೆ.

ನಾವೂ ಅಳೆದೆವು. 1898ರಲ್ಲಿ ಬಂಡೆಯನ್ನು ಕಡಿದು ಮಾಡಿದ ‘ರಾಜಕುಮಾರನ ದಾರಿ’ ಒಂದಿದೆ, ಪ್ರಸಿದ್ಧವಾದದ್ದು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಪ್ರಪಾತ. ತಂಗಿಗೆ ತಲೆ ತಿರುಗುತ್ತದೆ. ಬೇಡವೆಂದು ಬರೆದೆವು. ಮಾಲ್ಬುನ್ ಎಂಬ ಊರು 1,600 ಮೀಟರ್ ಎತ್ತರದಲ್ಲಿದೆ, ಅಲ್ಲಿಯವರೆಗೂ ಬಸ್ಸಿದೆ. ಅಲ್ಲಿಂದ ರಾಜಕುಮಾರಿ ಗೀನಾಳ ಹೆಸರಿನ ಒಂದು ದಾರಿ 2,359 ಮೀಟರಿನ ಶಿಖರವೊಂದನ್ನು ದಾಟಿ, 2,108 ಮೀಟರಿನಲ್ಲಿರುವ ತಂಗುಮನೆಗೆ ಇಳಿಯುತ್ತದೆ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಆಕಾಶ ತಿಳಿಯಿದ್ದರೆ ಹೋಗುವುದು, ಮೋಡ ಕವಿದರೆ ಅರ್ಧದಿಂದಲೇ ಹಿಂತಿರುಗುವುದು ಎಂದು ಗೆರೆ ಎಳೆದು ಬರೆದಿದ್ದೇವೆ. ಹೊರಡುವ ಧೈರ್ಯದಷ್ಟೇ ಹಿಂತಿರುಗುವ ಬುದ್ಧಿಯೂ ಯೋಜನೆಯ ಭಾಗ. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಸಾಗರದಿಂದ ಇಕ್ಕೇರಿಯ ಅಘೋರೇಶ್ವರನವರೆಗೆ ನಡೆದು ಬರುತ್ತಿದ್ದೇವೆ. ಮೊದಲ ವಾರ ಬರುವಾಗ ಆಟೋ ಹತ್ತಿದೆವು. ಈಗ ಹತ್ತುವುದಿಲ್ಲ.

ಊಟದ ಲೆಕ್ಕವನ್ನೂ ಹಾಕಿದ್ದೇವೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ನಮ್ಮ ಕಡೆಯಿಂದ. ಅಲ್ಲಿಯ ಮನೆಯೂಟವೆಂದರೆ ಹಿಟ್ಟಿನ ಸಣ್ಣ ತುಂಡುಗಳನ್ನು ಬೇಯಿಸಿ, ಚೀಸ್ ಬೆರೆಸಿ, ಮೇಲೆ ಹುರಿದ ಈರುಳ್ಳಿ ಹಾಕಿ, ಪಕ್ಕದಲ್ಲಿ ಬೇಯಿಸಿದ ಸೇಬಿನ ಗೊಜ್ಜು ಕೊಡುತ್ತಾರಂತೆ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ತಿನ್ನದವರು ಕೇಳಿ ತಿಳಿದುಕೊಳ್ಳಬೇಕು. ಉಳಿಯಲು ಶಾನ್ ಮತ್ತು ವಾಡುಜ್ ನಡುವೆ ಒಂದು ಯೂತ್ ಹಾಸ್ಟೆಲ್. ಹೆಸರಿನಲ್ಲಿ ಯೂತ್ ಇದ್ದರೂ ವಯಸ್ಸಿನ ಮಿತಿಯಿಲ್ಲ. ಇದನ್ನು ಓದಿ ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ಎಲ್ಲ ಸೇರಿ ತಲೆಗೆ ಎರಡೂವರೆ ಲಕ್ಷವಾಗುತ್ತದೆ. ಸಣ್ಣ ಮೊತ್ತವಲ್ಲ. ಐದು ವರ್ಷ ಚೀಟಿ ಕಟ್ಟಿದ್ದೇನೆ. “ಆ ದುಡ್ಡಿಗೆ ಎರಡು ಬಳೆ ಬರ್ತಿತ್ತಲ್ಲೇ” ಎಂದರು ಪಕ್ಕದ ಮನೆಯವರು. ಬರುತ್ತಿತ್ತು. ಬಳೆ ಬೀರುವಿನಲ್ಲಿರುತ್ತಿತ್ತು, ನಾನು ಅಡುಗೆಮನೆಯಲ್ಲಿರುತ್ತಿದ್ದೆ.

“ನಮ್ಮಲ್ಲೇ ಬೆಟ್ಟ ಇಲ್ವಾ? ದೂರದ ಬೆಟ್ಟ ನುಣ್ಣಗೆ” ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ನಿಜವಿದೆ. ನಾನು ಮಲೆನಾಡಿನವಳು, ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸಿ ಬೆಳೆದವಳು. ಕೊಡಚಾದ್ರಿಯನ್ನು ನಾಲ್ಕು ಸಲ ಹತ್ತಿದ್ದೇನೆ. ಎರಡೂವರೆ ಲಕ್ಷ ಎಲ್ಲರ ಕೈಯಲ್ಲೂ ಇರುವುದಿಲ್ಲ, ಅದೂ ಗೊತ್ತು. ನಿಮ್ಮ ಆಲ್ಪ್ಸ್ ಕೊಡಚಾದ್ರಿಯೇ ಆಗಬಹುದು, ನಿಮ್ಮೂರಿನ ಗುಡ್ಡವೇ ಆಗಬಹುದು. ಆದರೆ ಈ ಮಾತು ಹೇಳುವವರನ್ನು ಒಂದು ಕೇಳುತ್ತೇನೆ. ನಮ್ಮ ಎಷ್ಟು ಬೆಟ್ಟಗಳಲ್ಲಿ ಒಬ್ಬ ಹೆಂಗಸು ಕೈಕಂಬ ನೋಡಿಕೊಂಡು ಒಬ್ಬಳೇ ಹತ್ತಿ ಇಳಿಯಬಹುದು? ಎಷ್ಟು ಕಡೆ ಅವಳಿಗೊಂದು ಶೌಚಾಲಯವಿದೆ? ಅದನ್ನು ಕೇಳಬೇಕಾದರೂ, ಇರುವ ಕಡೆ ಹೇಗಿದೆ ಎಂದು ಒಮ್ಮೆ ಕಣ್ಣಾರೆ ಕಂಡಿರಬೇಕು. ಅಲ್ಲದೆ, ನಾವು ಕೊಡಚಾದ್ರಿಗೆ ಹೊರಟಾಗಲೂ ಇವರು “ಇಬ್ಬರೇನಾ?” ಎಂದೇ ಕೇಳಿದ್ದರು. ದೂರ ಇವರ ಕಷ್ಟವಲ್ಲ, ಹೊರಡುವುದೇ ಕಷ್ಟ.

ಇನ್ನು ದಸರೆಯ ವಿಷಯ. ನಮ್ಮತ್ತೆ ಮೈಸೂರಿನ ಕಡೆಯವರು, ನವರಾತ್ರಿಗೆ ಗೊಂಬೆ ಕೂರಿಸುವುದು ಅವರು ತಂದ ಪದ್ಧತಿ. ಇಪ್ಪತ್ತೊಂಬತ್ತು ವರ್ಷ ನಾನೇ ಕೂರಿಸಿದ್ದೇನೆ. ಹಬ್ಬದಲ್ಲಿ ಮನೆ ಬಿಟ್ಟು ಹೋಗುವುದೇ ಎಂದು ನನಗೂ ಅಳುಕಿತ್ತು. ತಂಗಿಯ ಒಂದು ಮಾತು ಅದನ್ನು ಕಳೆಯಿತು. ಅವಳ ಗಂಡ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದ ನವರಾತ್ರಿಯ ಆರತಿಗೆ, ಅರಿಶಿನ ಕುಂಕುಮಕ್ಕೆ ಅವಳನ್ನು ಯಾರೂ ಕರೆಯುವುದಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಮೊದಲ ಎರಡು ವರ್ಷ ನಾನೂ ಕರೆಯಲಿಲ್ಲ. “ಅಕ್ಕಾ, ದಸರಾದಲ್ಲೇ ಹೋಗೋಣ. ಆ ಹತ್ತು ದಿನ ನಂಗೆ ಊರಲ್ಲಿರೋದು ಬಹಳ ಕಷ್ಟ ಆಗತ್ತೆ” ಎಂದಳು. ದೇವಿ ಯುದ್ಧಕ್ಕೆ ಹೊರಟ ಕಥೆಯನ್ನು ಒಂಬತ್ತು ದಿನ ಓದಿ, ಹೆಣ್ಣುಮಗಳನ್ನು ಹಿತ್ತಲ ಬಾಗಿಲಲ್ಲಿ ಕೂರಿಸುವ ಹಬ್ಬಕ್ಕೆ ನಾನು ಇನ್ನೆಷ್ಟು ಗೊಂಬೆ ಜೋಡಿಸಲಿ?

ಆ ದೇಶದಲ್ಲೂ ಇಂಥದೊಂದು ಕಥೆಯಿದೆ. ಆಸ್ಟ್ರಿಯಾದ ಗಡಿಯ ಮೇಲೆ ಮೂರು ಶಿಖರಗಳು ಒಂದಕ್ಕೊಂದು ಅಂಟಿ ನಿಂತಿವೆ. ಹೆಸರು ‘ಮೂವರು ಅಕ್ಕತಂಗಿಯರು’. ಮೇರಿ ಮಾತೆಯ ಹಬ್ಬದ ದಿನ ಊರೆಲ್ಲ ಚರ್ಚಿಗೆ ಹೋದಾಗ ಈ ಮೂವರು ಹಣ್ಣು ಕೀಳಲು ಬೆಟ್ಟಕ್ಕೆ ಹೋದರಂತೆ. ದಾರಿಯಲ್ಲಿ ಒಬ್ಬಾಕೆ ಹಣ್ಣು ಕೇಳಿದಳಂತೆ, ಕೊಡಲಿಲ್ಲವಂತೆ, ಕೇಳಿದಾಕೆ ಸ್ವತಃ ಮೇರಿ ಮಾತೆಯೇ ಆಗಿದ್ದು ಮೂವರೂ ಕಲ್ಲಾದರಂತೆ. ಹಬ್ಬದ ದಿನ ಬೆಟ್ಟಕ್ಕೆ ಹೋದ ಹೆಣ್ಣು ಕಲ್ಲಾಗುತ್ತಾಳೆ! ಅವರ ಅಜ್ಜಿಯರಿಗೂ ನಮ್ಮ ಅಜ್ಜಿಯರಿಗೂ ಎಂಥ ಹೊಂದಾಣಿಕೆ ನೋಡಿ. ಕಥೆ ಹೀಗಿದ್ದರೂ ಅಲ್ಲಿಯ ಹೆಂಗಸರು ಸುಮ್ಮನೆ ಕಲ್ಲಾಗಿ ಕೂರಲಿಲ್ಲ. ಮತದ ಹಕ್ಕಿಗಾಗಿ ಗುಂಪು ಕಟ್ಟಿದರು, ಕೋರ್ಟಿಗೆ ಹೋಗಿ ಸೋತರು, 1983ರಲ್ಲಿ ಸ್ಟ್ರಾಸ್‌ಬರ್ಗ್‌ವರೆಗೆ ಪ್ರಯಾಣ ಮಾಡಿ ತಮ್ಮ ದೂರನ್ನು ಯುರೋಪಿನ ಮುಂದಿಟ್ಟರು. ಮರುವರ್ಷ ಹಕ್ಕು ಬಂತು. 1986ರಲ್ಲಿ ಮೊದಲ ಹೆಣ್ಣುಮಗಳು ಸಂಸತ್ತಿಗೆ ಆರಿಸಿಬಂದಳು. 2025ರಲ್ಲಿ ಬ್ರಿಗಿಟೆ ಹಾಸ್ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ತಿರುಗಿದ ಹೆಂಗಸರು ಕೆಡಲಿಲ್ಲ.

ನಮ್ಮ ಪಟ್ಟಿಯ ಕೊನೆಯ ದಿನ ಪ್ಲಾಂಕೆನ್ ಎಂಬ ಹಳ್ಳಿಯಿಂದ ಕಾಡಿನ ದಾರಿಯಲ್ಲಿ ಹತ್ತಿ, 1,428 ಮೀಟರಿನ ಒಂದು ತಂಗುಮನೆಗೆ ಹೋಗುವುದಿದೆ. ಮೂವರು ಅಕ್ಕತಂಗಿಯರ ಬುಡಕ್ಕೆ ಅದು ಹತ್ತಿರ. ಚೀಲದಲ್ಲಿ ಸ್ವಲ್ಪ ಒಣದ್ರಾಕ್ಷಿ ಇರುತ್ತದೆ. ದಾರಿಯಲ್ಲಿ ಯಾರಾದರೂ ಕೇಳಿದರೆ ಕೊಡುತ್ತೇವೆ.

ಅತ್ತೆಗೆ ಎಂಬತ್ತೊಂದು. ಅವರ ಹತ್ತಿರ ವಿಷಯ ಎತ್ತಲು ನಾನು ಬಹಳ ದಿನ ಹೆದರಿದ್ದೆ. ಕೊನೆಗೆ ಒಂದು ಸಂಜೆ ಹೇಳಿದೆ. ಹೂವು ಕಟ್ಟುತ್ತಿದ್ದವರು ತಲೆಯೆತ್ತಲಿಲ್ಲ. “ಗೊಂಬೆ ಪೆಟ್ಟಿಗೆ ಅಟ್ಟದಿಂದ ಇಳಿಸಿಕೊಟ್ಟು ಹೋಗು. ಕೂರಿಸೋದಕ್ಕೆ ನನ್ನ ಮಗನಿಗೆ ಕೈ ಇಲ್ವಾ?” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಅಲ್ಲಿ ಹಿಮ ಬೀಳತ್ತಾ?” ಎಂದು ಕೇಳಿದರು. ಆಗ ಬೀಳುವುದು ಕಡಿಮೆ ಎಂದೆ. “ನಂಗೆ ಒಂದ್ಸಲ ನೋಡಬೇಕೂಂತ ಇತ್ತು. ಯಾರೂ ಕೇಳಲಿಲ್ಲ” ಎಂದರು.

ಸೋದರಿಯರೇ, ನಾನು ಈ ಲೇಖನ ಬರೆದದ್ದು ಪಂಕ್ತಿಯಲ್ಲಿ ಗಾದೆ ಹೇಳಿದವರಿಗಾಗಿ ಎಂದುಕೊಂಡಿದ್ದೆ. ಈಗ ಹಾಗನಿಸುತ್ತಿಲ್ಲ. ನಿಮ್ಮ ಮನೆಯಲ್ಲೂ ಯಾರೂ ಕೇಳದ ಒಬ್ಬರಿರುತ್ತಾರೆ. ಅದು ನಿಮ್ಮ ಅತ್ತೆಯಿರಬಹುದು, ಅಮ್ಮನಿರಬಹುದು, ನೀವೇ ಇರಬಹುದು. ಇವತ್ತೇ ಕೇಳಿ. ಒಂದು ನೋಟ್‌ಬುಕ್ ತೆಗೆದು ದಿನಾಂಕ ಹಾಕಿ, ಊರು ಬರೆಯಿರಿ, ದುಡ್ಡಿನ ಲೆಕ್ಕ ಬರೆಯಿರಿ. ಗುಡ್ಡ ಚಿಕ್ಕದಿರಲಿ, ದೊಡ್ಡದಿರಲಿ, ಬರವಣಿಗೆ ನಿಮ್ಮ ಕೈಯದೇ ಇರಲಿ.